ಹನಿ ಹಾಕಿದ ಮಧ್ಯಾಹ್ನ

ಧಾರವಾಡದ ಮಾಳಮಡ್ಡಿಯ ಬೀದಿಗಳಲ್ಲಿ ನೆರಳಿಗೆ ಬರವಿಲ್ಲ. ಏಪ್ರಿಲ್ ತಿಂಗಳ ನಡುಹಗಲಿನಲ್ಲೂ ಒಂದು ಮರದ ಬುಡದಿಂದ ಇನ್ನೊಂದರ ಬುಡಕ್ಕೆ ದಾಟುತ್ತ ಮನೆ ಮುಟ್ಟಬಹುದು. ಇಪ್ಪತ್ತು ವರ್ಷ ಆ ನೆರಳಿನಲ್ಲೇ ಓಡಾಡಿದವಳು ನಾನು. ನಾಲ್ಕು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅದೇ ಬೀದಿ ನನ್ನ ಕಣ್ಣಿಗೆ ಗುರುತು ಸಿಗದೆ ಹೋಯಿತು.

ಅಂದು ಕಣ್ಣಿನ ತಪಾಸಣೆಗೆ ಹೋಗಿದ್ದೆ. ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗಿ ಕೆಲವೇ ವಾರಗಳಾಗಿದ್ದವು. ಮಾತ್ರೆ ಬರೆದುಕೊಟ್ಟ ವೈದ್ಯರು ಕಣ್ಣಿನ ಹಿಂಭಾಗವನ್ನೂ ಒಮ್ಮೆ ತೋರಿಸಿಬಿಡಿ ಎಂದಿದ್ದರು. ಮನೆಯಿಂದ ಎರಡು ಕಿಲೋಮೀಟರೂ ಇಲ್ಲದ ದೂರ. ಸ್ಕೂಟರಿನಲ್ಲಿ ಹೋದೆ. ಹನಿ ಹಾಕಿದರು, ಕೂರಿಸಿದರು, ನೋಡಿದರು, ‘ಎಲ್ಲ ಚೆನ್ನಾಗಿದೆ, ಬರುವ ವರ್ಷ ಬನ್ನಿ’ ಎಂದರು. ಹೇಗೆ ಹೋಗುತ್ತೀರಿ ಎಂದು ಯಾರೂ ಕೇಳಲಿಲ್ಲ. ಗಾಡಿ ಓಡಿಸಬಹುದೇ ಎಂದು ನಾನೂ ಕೇಳಲಿಲ್ಲ. ಮೊಬೈಲಿನ ಅಕ್ಷರಗಳು ಕಲಸಿಹೋಗಿದ್ದವು, ಆದರೆ ರಸ್ತೆಯಾಚೆಯ ಅಂಗಡಿಯ ಬೋರ್ಡು ಓದಲು ಬರುತ್ತಿತ್ತು. ದೂರದ್ದು ಕಾಣುತ್ತಿದೆಯಲ್ಲ, ಅಷ್ಟು ಸಾಕು ಎಂದುಕೊಂಡೆ.

ನೆರಳಿನಲ್ಲಿ ಇದ್ದಷ್ಟು ಹೊತ್ತು ಅದು ಸಾಕಾಗಿತ್ತು ಕೂಡ. ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆಯನ್ನು ದಾಟಿದೆ ನೋಡಿ, ಎದುರಿನ ರಸ್ತೆಯೇ ಇಲ್ಲವಾಯಿತು. ಕಣ್ಣಿಗೆ ಸುಣ್ಣದ ನೀರು ಎರಚಿದಂತೆ ಬರೀ ಬಿಳುಪು. ಆ ಬಿಳುಪಿನೊಳಗೆ ಮೊದಲು ಕಂಡದ್ದು ಎರಡು ಕಪ್ಪು ಬೂಟು ಮತ್ತು ಒಂದು ನೀಲಿ ಚೀಲ. ಅವುಗಳ ನಡುವೆ ಬಿಳಿ ಅಂಗಿಯ ಹುಡುಗನೊಬ್ಬ ಇದ್ದಾನೆ ಎಂದು ಹೊಳೆಯುವ ಹೊತ್ತಿಗೆ ನಾನು ಬ್ರೇಕು ಹಿಡಿದು ಎರಡೂ ಕಾಲನ್ನು ನೆಲಕ್ಕೆ ಎಳೆಯುತ್ತಿದ್ದೆ. ಒಂದು ಮೊಳದ ಅಂತರದಲ್ಲಿ ಗಾಡಿ ನಿಂತಿತು. ಹುಡುಗನ ಕೈಯಿಂದ ನೀರಿನ ಬಾಟಲಿ ಜಾರಿ ಉರುಳಿತು. ಅವನು ಅದನ್ನು ಎತ್ತಿಕೊಂಡು, ನನ್ನ ಮುಖವನ್ನು ಒಮ್ಮೆ ನೋಡಿ, ಓಡಿಹೋದ.

ಪಕ್ಕದ ಮನೆಯ ಕಟ್ಟೆಯ ಮೇಲೆ ಕುಸಿದು ಕುಳಿತೆ. ಒಳಗಿನಿಂದ ಹೆಣ್ಣುಮಗಳೊಬ್ಬಳು ತಂಬಿಗೆಯಲ್ಲಿ ನೀರು ತಂದು ‘ಕುಡಿಯಿರಿ ಅಕ್ಕಾ’ ಎಂದವಳು ನನ್ನ ಮುಖ ನೋಡಿ ಬೆಚ್ಚಿದಳು. ‘ನಿಮ್ಮ ಕಣ್ಣು ಪೂರ್ತಿ ಕಪ್ಪಾಗಿವೆಯಲ್ಲ!’ ಅವರ ಪಡಸಾಲೆಯ ಕನ್ನಡಿಯಲ್ಲಿ ನೋಡಿಕೊಂಡೆ. ಕಣ್ಣಿನ ಕಂದು ಬಣ್ಣವೆಲ್ಲ ಅಂಚಿಗೆ ಸರಿದು ಕೂದಲೆಳೆಯಷ್ಟು ತೆಳ್ಳಗಿನ ಬಳೆಯಾಗಿತ್ತು. ಉಳಿದದ್ದೆಲ್ಲ ಬಾವಿಯ ಬಾಯಿ.

ಸ್ಕೂಟರನ್ನು ತಳ್ಳಿಕೊಂಡು ಮನೆಗೆ ನಡೆದೆ. ಆ ಹುಡುಗನ ಮುಖ ನನಗೆ ಇಂದಿಗೂ ಗೊತ್ತಿಲ್ಲ, ಏಕೆಂದರೆ ಅಂದು ಅದು ಕಾಣಿಸಲೇ ಇಲ್ಲ. ಬಿಳಿ ಅಂಗಿ ಹಾಕಿದ ಮಕ್ಕಳು ಶಾಲೆ ಬಿಟ್ಟು ಗುಂಪಾಗಿ ಬರುವುದನ್ನು ಕಂಡಾಗಲೆಲ್ಲ ಎದೆಯಲ್ಲಿ ಏನೋ ಹಿಂಡಿದಂತಾಗುತ್ತದೆ.

ಕಣ್ಣಿನ ನಡುವಿನ ಆ ಕಪ್ಪನ್ನು ನಾವು ಪಾಪೆ ಎನ್ನುತ್ತೇವೆ. ಪಾಪೆ ಎಂದರೆ ಗೊಂಬೆ. ಎದುರು ಕುಳಿತವರ ಕಣ್ಣಿನಲ್ಲಿ ನಮ್ಮದೇ ಪುಟ್ಟ ರೂಪ ಗೊಂಬೆಯಂತೆ ಕಾಣುತ್ತದಲ್ಲ, ಆ ಹೆಸರು ಅಲ್ಲಿಯದು. ಲ್ಯಾಟಿನ್ ಮಾತನಾಡುತ್ತಿದ್ದವರೂ ಇದನ್ನು ಪುಟ್ಟ ಗೊಂಬೆ ಎಂದೇ ಕರೆದರು. ಸಂಸ್ಕೃತದ ಕನೀನಿಕೆಯಲ್ಲೂ ಒಬ್ಬ ಪುಟ್ಟ ಹುಡುಗಿ ಇದ್ದಾಳೆ. ಬೇರೆ ಬೇರೆ ನೆಲದ ಜನ ಒಬ್ಬರ ಕಣ್ಣನ್ನು ಒಬ್ಬರು ಹತ್ತಿರದಿಂದ ನೋಡಿ ಒಂದೇ ಮಾತು ಹೇಳಿದ್ದಾರೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಆದರೆ ಪಾಪೆ ನಿಜದಲ್ಲಿ ಒಂದು ಕಿಂಡಿ. ಅದರ ಸುತ್ತಲಿನ ಬಣ್ಣದ ಪರದೆಯಲ್ಲಿ ಎರಡು ಸ್ನಾಯುಗಳಿವೆ. ಒಂದು, ಎಲೆಯಡಿಕೆಯ ಸಂಚಿಯ ಬಾಯಿಗೆ ಪೋಣಿಸಿದ ದಾರದ ಹಾಗೆ ಕಿಂಡಿಯನ್ನು ಬಿಗಿಯುತ್ತದೆ. ಇನ್ನೊಂದು, ಚಕ್ಕಡಿಯ ಗಾಲಿಯ ಅರಗಳಂತೆ ಹರಡಿಕೊಂಡು ಕಿಂಡಿಯನ್ನು ಹೊರಕ್ಕೆ ಎಳೆಯುತ್ತದೆ. ಬಿಸಿಲಿಗೆ ಬಂದೊಡನೆ ದಾರ ಬಿಗಿಯಾಗುತ್ತದೆ, ಕತ್ತಲಿಗೆ ಹೋದೊಡನೆ ಸಡಿಲವಾಗುತ್ತದೆ. ನಮಗೆ ಗೊತ್ತೇ ಆಗದಂತೆ ದಿನವಿಡೀ ನಡೆಯುವ ಕೆಲಸ ಇದು. ತಪಾಸಣೆಯಲ್ಲಿ ಹೆಚ್ಚಾಗಿ ಹಾಕುವ ಹನಿಯಲ್ಲಿ ಟ್ರೋಪಿಕಮೈಡ್ ಇರುತ್ತದೆ, ಅದು ದಾರವನ್ನು ಸಡಿಲ ಬಿಡುತ್ತದೆ. ಜೊತೆಗೆ ಬೆರೆಸಿರುವ ಫೀನೈಲೆಫ್ರಿನ್ ಅರಗಳನ್ನು ಎಳೆದು ಹಿಡಿಯುತ್ತದೆ. ಕಿಂಡಿ ತೆರೆದದ್ದು ತೆರೆದಂತೆಯೇ ಉಳಿಯುತ್ತದೆ. ಎಷ್ಟೇ ಬೆಳಕು ಬಿದ್ದರೂ ಮುಚ್ಚುವುದಿಲ್ಲ.

ಬಿಸಿಲಿನಲ್ಲಿ 2 ಮಿಲಿಮೀಟರ್ ಇರಬೇಕಾದ ಪಾಪೆ 8 ಮಿಲಿಮೀಟರ್ ಆಗಿ ನಿಂತರೆ ಅಗಲ 4 ಪಟ್ಟು, ಬೆಳಕು ನುಗ್ಗುವ ದಾರಿ 16 ಪಟ್ಟು. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕೋಣೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ನಮ್ಮ ಕಡೆಯ ನೆತ್ತಿಯ ಮೇಲಿನ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಹೋಗುತ್ತದೆ. ಆಸ್ಪತ್ರೆಯ ಬಾಗಿಲು ದಾಟುವ ಒಂದು ಹೆಜ್ಜೆಯಲ್ಲಿ ಇದೆಲ್ಲ ಒಟ್ಟಿಗೆ ಕಣ್ಣಿನೊಳಗೆ ಬೀಳುತ್ತದೆ. ಕಣ್ಣು ಕೋರೈಸುವುದು ಎಂಬ ನಮ್ಮ ಮಾತು ಇದಕ್ಕೆಂದೇ ಹುಟ್ಟಿದಂತಿದೆ.

ಆ ಹನಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹತ್ತಿರದ್ದನ್ನು ನೋಡುವಾಗ ಕಣ್ಣಿನ ಮಸೂರವನ್ನು ಉಬ್ಬಿಸುವ ಒಳಗಿನ ಸ್ನಾಯುವನ್ನೂ ಟ್ರೋಪಿಕಮೈಡ್ ಮಲಗಿಸುತ್ತದೆ. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಚಾಳೀಸ್ ಎಂದರೆ ನಲವತ್ತು. ನಲವತ್ತಕ್ಕೆ ಹತ್ತಿರದ ಅಕ್ಷರ ಮಸುಕಾಗುವುದರಿಂದ ಹುಟ್ಟಿದ ಪದ. ಇಪ್ಪತ್ತು ವರ್ಷದ ಹುಡುಗಿಗೂ ಈ ಹನಿ ಕೆಲವು ಗಂಟೆಗಳ ಮಟ್ಟಿಗೆ ನಲವತ್ತು ದಾಟಿದ ಕಣ್ಣನ್ನು ಕೊಡುತ್ತದೆ. ಅವಳಿಗೆ ಫೋನಿನ ಸಂದೇಶ ಓದಲಾಗುವುದಿಲ್ಲ, ನೂರರ ನೋಟು ಯಾವುದು ಇನ್ನೂರರದ್ದು ಯಾವುದು ಎಂದು ಬಣ್ಣದಿಂದಲೇ ಊಹಿಸಬೇಕು. ಪ್ಲಸ್ ನಂಬರಿನ ದೋಷ ಇದ್ದವರಿಗೆ ದೂರದ್ದೂ ಮಸುಕು.

ಇಷ್ಟೆಲ್ಲ ಎಷ್ಟು ಹೊತ್ತು? ಸಾಮಾನ್ಯವಾಗಿ 4ರಿಂದ 6 ಗಂಟೆ. ಕೆಲವರಿಗೆ ಮರುದಿನ ಬೆಳಿಗ್ಗೆವರೆಗೂ ಇರುತ್ತದೆ. ನಮ್ಮಂಥ ಕಂದು ಕಣ್ಣಿನವರಲ್ಲಿ ಆ ಬಣ್ಣವೇ ಔಷಧವನ್ನು ಹಿಡಿದಿಟ್ಟುಕೊಳ್ಳುವುದರಿಂದ ಪಾಪೆ ಅರಳುವುದೂ ನಿಧಾನ, ಮರಳುವುದೂ ನಿಧಾನ. ಕನ್ನಡಕದ ನಂಬರು ಸರಿಯಾಗಿ ತಿಳಿಯಲು ಮಕ್ಕಳಿಗೆ ಸೈಕ್ಲೋಪೆಂಟೊಲೇಟ್ ಹಾಕಿದರೆ ಸುಮಾರು ಒಂದು ದಿನ ಬೇಕು, ಅಟ್ರೋಪಿನ್ ಹಾಕಿದರೆ ಒಂದು ವಾರದಿಂದ ಎರಡು ವಾರ. ಅಟ್ರೋಪಿನ್ ಹಾಕಿದ ಮಗುವನ್ನು ಮರುದಿನವೇ ಶಾಲೆಯ ಮೈದಾನದ ಬಿಸಿಲಿನಲ್ಲಿ ಪ್ರಾರ್ಥನೆಗೆ ನಿಲ್ಲಿಸಿ, ‘ಕಣ್ಣು ಬಿಟ್ಟು ನೆಟ್ಟಗೆ ನಿಲ್ಲು’ ಎಂದು ಗದರಿಸುವುದನ್ನು ನೋಡಿದ್ದೇನೆ. ನಾನೇ ಶಿಕ್ಷಕಿ. ಆ ಮಗುವಿನ ತಾಯಿ ಒಂದು ಚೀಟಿ ಬರೆದು ಕಳುಹಿಸಿದ್ದರೆ, ಅಥವಾ ನಾವು ಒಂದು ಮಾತು ಕೇಳಿದ್ದರೆ ಎಷ್ಟು ಸುಲಭವಿತ್ತು.

ಅಟ್ರೋಪಿನ್ ನಮಗೆ ಹೊಸದೇನೂ ಅಲ್ಲ. ಶಿವರಾತ್ರಿಗೆ ಹೊಲದ ಬದುವಿನಿಂದ ದತ್ತೂರಿ ಹೂ ಕಿತ್ತು ತಂದಾಗ ಅವ್ವ ಮೊದಲು ಕೈ ತೊಳೆಸುತ್ತಿದ್ದಳು. ಅದೇ ಕೈಯಿಂದ ಕಣ್ಣು ಉಜ್ಜಿಕೊಂಡರೆ ಕಣ್ಣು ಕೆಡುತ್ತದೆ ಎನ್ನುತ್ತಿದ್ದಳು. ದತ್ತೂರಿಯಲ್ಲಿರುವುದು ಈ ಅಟ್ರೋಪಿನ್ ಮತ್ತು ಅದರ ಒಡಹುಟ್ಟುಗಳೇ. ಗಿಡದ ರಸ ತಾಗಿದ ಕೈ ಒಂದು ಕಣ್ಣಿಗೆ ಸೋಕಿದರೆ ಆ ಒಂದು ಪಾಪೆ ಮಾತ್ರ ಅರಳಿ ನಿಲ್ಲುತ್ತದೆ. ಅವ್ವನಿಗೆ ಔಷಧದ ಹೆಸರು ಗೊತ್ತಿರಲಿಲ್ಲ. ಆದರೆ ಎಚ್ಚರ ಏನೆಂದು ಗೊತ್ತಿತ್ತು.

ಅಂಥ ಅವ್ವ ಕಣ್ಣು ತೋರಿಸಿಕೊಳ್ಳಲು ಮಾತ್ರ ಒಲ್ಲೆ ಎನ್ನುತ್ತಿದ್ದಳು. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಎಪ್ಪತ್ನಾಲ್ಕರ ವಯಸ್ಸು. ನವಲಗುಂದದ ಕಡೆಯ ನಮ್ಮ ಹಳ್ಳಿಯಿಂದ ಹುಬ್ಬಳ್ಳಿಗೆ ಬರುವುದು ಅವಳಿಗೆ ಕಷ್ಟವೇನಲ್ಲ. ಮದುವೆ, ಸಂತೆ, ಸಿದ್ಧಾರೂಢರ ಮಠ ಎಂದರೆ ತಾನೇ ಮುಂದೆ ಬಸ್ಸು ಹತ್ತುತ್ತಾಳೆ. ಕಣ್ಣಿನ ಮಾತೆತ್ತಿದರೆ ‘ನನಗೆ ಚೆನ್ನಾಗಿ ಕಾಣುತ್ತದೆ’ ಎಂಬ ಒಂದೇ ಉತ್ತರ. ಕೊನೆಗೊಂದು ದಿನ ಒತ್ತಾಯಿಸಿ ಕೇಳಿದಾಗ ನಿಜ ಹೊರಬಂತು. ಹಿಂದಿನ ಓಣಿಯ ಕಾಕು ಒಮ್ಮೆ ತಪಾಸಣೆಗೆ ಹೋಗಿದ್ದಳಂತೆ. ಹನಿ ಹಾಕಿ ಕಳುಹಿಸಿದರಂತೆ. ನಡುಮಧ್ಯಾಹ್ನ ಬಸ್ಸಿಳಿದು ಊರಿಗೆ ನಡೆಯಬೇಕು. ನಮ್ಮ ಎರೆ ಹೊಲಗಳ ನಡುವಿನ ದಾರಿಯಲ್ಲಿ ಬೇಸಿಗೆಯಲ್ಲಿ ಬೆಳೆಯೂ ಇಲ್ಲ, ಮರವೂ ಇಲ್ಲ. ಕಣ್ಣಿನಿಂದ ನೀರು ಧಾರೆಯಾಗಿ, ದಾರಿ ಕಾಣದೆ, ಸೆರಗಿನಿಂದ ಮುಖ ಮುಚ್ಚಿಕೊಂಡು ಬದುವಿನ ಮೇಲೆ ಕುಳಿತುಬಿಟ್ಟಿದ್ದಳಂತೆ. ಯಾರೋ ಎತ್ತಿನ ಗಾಡಿಯವರು ಮನೆ ಮುಟ್ಟಿಸಿದರು. ಇದ್ದ ಕಣ್ಣನ್ನೂ ಕೆಡಿಸಿ ಕಳುಹಿಸಿದರು ಎಂದು ಅವಳು ಓಣಿಯಲ್ಲೆಲ್ಲ ಹೇಳಿದಳು. ಮರುದಿನ ಬೆಳಿಗ್ಗೆ ಅವಳ ಕಣ್ಣು ಸರಿಯಾಗಿತ್ತು. ಆದರೆ ಆ ಸುದ್ದಿಯನ್ನು ಯಾರೂ ಓಣಿಗೆ ಹೇಳಲಿಲ್ಲ.

ಕಾಕುವಿನ ಮೇಲೆ ನನಗೆ ಸಿಟ್ಟಿಲ್ಲ. ಏನಾಗುತ್ತದೆ, ಎಷ್ಟು ಹೊತ್ತು ಇರುತ್ತದೆ, ತಾನಾಗಿಯೇ ಹೋಗುತ್ತದೆಯೇ ಎಂಬ ಮೂರು ಮಾತನ್ನು ಅವಳಿಗೆ ಯಾರಾದರೂ ಹೇಳಿದ್ದರೆ ಆ ಬದುವಿನ ಮೇಲೆ ಕುಳಿತು ಅವಳು ಕುರುಡಾದೆ ಎಂದು ಅಳುತ್ತಿರಲಿಲ್ಲ. ಆಡದ ಮೂರು ಮಾತಿನಿಂದ ಒಂದು ಓಣಿಯ ಸಕ್ಕರೆ ಕಾಯಿಲೆಯವರೆಲ್ಲ ಕಣ್ಣಿನ ಆಸ್ಪತ್ರೆಗೆ ಬೆನ್ನು ತಿರುಗಿಸಿದರು. ನಾನು ಇದನ್ನೆಲ್ಲ ಬರೆಯುತ್ತಿರುವುದು ಅದಕ್ಕಾಗಿ.

ನಮ್ಮ ಕಡೆಯ ಹಿರಿಯರಿಗೆ ಕಣ್ಣಿನ ಡಾಕ್ಟರು ಎಂದರೆ ಪೊರೆ ತೆಗೆಯುವವರು. ಅದಕ್ಕೆ ಕಾರಣವೂ ಇದೆ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ಶಿಬಿರಗಳಲ್ಲಿ ಸಾಲುಸಾಲಾಗಿ ಮೋತಿಬಿಂದು ಶಸ್ತ್ರಕ್ರಿಯೆ ಮಾಡಿದವರು. ಅವರ ಹೆಸರನ್ನು ನಮ್ಮ ಅಜ್ಜಿ ದೇವರ ಹೆಸರಿನ ಜೊತೆಗೆ ಹೇಳುತ್ತಿದ್ದಳು. ಪೊರೆಯಿಂದ ಹೋದ ದೃಷ್ಟಿ ಶಸ್ತ್ರಕ್ರಿಯೆಯಿಂದ ಮರಳಿ ಬರುತ್ತದೆ. ಹಾಗಾಗಿ ಕಾಣದಾದಾಗ ಹೋದರಾಯಿತು ಎಂಬ ನಂಬಿಕೆ ಮನೆಮನೆಯಲ್ಲಿ ನೆಲೆಗೊಂಡಿತು. ಸಕ್ಕರೆ ಕಾಯಿಲೆ ಕೆಡಿಸುವುದು ಕಣ್ಣಿನ ಹಿಂಗೋಡೆಯ ರೆಟಿನಾವನ್ನು. ಅಲ್ಲಿ ಆ ನಂಬಿಕೆ ನಡೆಯುವುದಿಲ್ಲ. ಮೊದಲ ಹಂತದಲ್ಲಿ ನೋವಿಲ್ಲ, ಮಸುಕಿಲ್ಲ, ‘ಚೆನ್ನಾಗಿ ಕಾಣುತ್ತದೆ’. ಕಾಣದಾಗುವ ಹೊತ್ತಿಗೆ ಬಹಳಷ್ಟು ಕಳೆದುಹೋಗಿರುತ್ತದೆ. ಲೇಸರ್, ಚುಚ್ಚುಮದ್ದುಗಳು ಉಳಿದದ್ದನ್ನು ಕಾಪಾಡಬಲ್ಲವು, ಹೋದದ್ದನ್ನು ಪೂರ್ತಿ ತಂದುಕೊಡುವುದು ಅಪರೂಪ. ಅದಕ್ಕಾಗಿಯೇ ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಎರಡನೆಯ ಬಗೆಯ ಮಧುಮೇಹದವರು ಕಾಯಿಲೆ ಗೊತ್ತಾದ ಹೊತ್ತಿಗೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗ ತೋರಿಸಬೇಕು ಎನ್ನುವುದು.

ಪಾಪೆ ಅರಳಿಸದೆ ನೋಡಬಾರದೇ? ಹನಿಯಿಲ್ಲದೆ ಚಿತ್ರ ತೆಗೆಯುವ ಕ್ಯಾಮೆರಾಗಳು ಇವೆ, ಮೊದಲ ಸುತ್ತಿನ ತಪಾಸಣೆಗೆ ಉಪಯುಕ್ತವೂ ಹೌದು. ಆದರೆ ಪೊರೆ ಶುರುವಾದ ಕಣ್ಣಿನಲ್ಲಿ, ಚಿಕ್ಕ ಪಾಪೆಯಲ್ಲಿ ಅವು ಸೋಲುತ್ತವೆ, ರೆಟಿನಾದ ಅಂಚಿನವರೆಗೆ ಅವುಗಳ ದೃಷ್ಟಿ ಹೋಗುವುದಿಲ್ಲ. ಬೀಗದ ಕಿಂಡಿಯಿಂದ ಇಣುಕಿ ಕೋಣೆಯ ಮೂಲೆ ನೋಡಲು ಬರುವುದಿಲ್ಲ, ಬಾಗಿಲು ತೆಗೆಯಬೇಕು. 1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ಇಣುಕುವ ತನ್ನ ಉಪಕರಣದ ವಿವರ ಪ್ರಕಟಿಸಿದ ಮೇಲೆ ವೈದ್ಯರಿಗೆ ಜೀವಂತ ಕಣ್ಣಿನ ಒಳಗೋಡೆ ನೋಡಲು ಸಾಧ್ಯವಾಯಿತು. ಮೈಯನ್ನು ಕೊಯ್ಯದೆ ಒಳಗಿನ ರಕ್ತನಾಳಗಳನ್ನು ನೇರವಾಗಿ ಕಾಣಬಹುದಾದ ಅಪರೂಪದ ಜಾಗ ಅದು.

ಈ ವರ್ಷ ಯುಗಾದಿ ಮುಗಿದ ಮೇಲೆ ಅವ್ವ ಧಾರವಾಡಕ್ಕೆ ಬಂದಿದ್ದಳು. ಮೂರು ದಿನ ನಾನು ಅವಳಿಗೆ ಹನಿಯ ಕತೆಯನ್ನೇ ಹೇಳಿದೆ. ಮಾಳಮಡ್ಡಿಯ ಹುಡುಗನ ಕತೆಯನ್ನೂ ಹೇಳಿದೆ, ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನೀನು ನನ್ನ ಕೈ ಬಿಡಬೇಡ’ ಎಂದಳು. ಒಪ್ಪಿಗೆ ಎಂದು ತಿಳಿದುಕೊಂಡೆ.

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಅಲ್ಲಿ ಹನಿ ಹಾಕುವ ಮೊದಲು ಸಿಸ್ಟರ್ ಒಂದೊಂದಾಗಿ ಕೇಳಿದರು. ರಕ್ತದೊತ್ತಡ ಇದೆಯೇ, ಹೃದಯದ ತೊಂದರೆ ಇದೆಯೇ, ಯಾವ ಮಾತ್ರೆ ನಡೆದಿದೆ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ, ಇದೆಯೇ. ವೈದ್ಯರು ಯಂತ್ರದ ಮುಂದೆ ಕೂರಿಸಿ ಕಣ್ಣಿನ ಮುಂಭಾಗವನ್ನು ನೋಡಿಕೊಂಡ ಮೇಲೆಯೇ ಹನಿ. ಇದು ಮುಖ್ಯ. ಕೆಲವರ ಕಣ್ಣಿನಲ್ಲಿ ಒಳಗಿನ ನೀರು ಹರಿದುಹೋಗುವ ಮೂಲೆ ಇಕ್ಕಟ್ಟಾಗಿರುತ್ತದೆ. ಪಾಪೆ ಅರಳಿದಾಗ ಆ ದಾರಿ ಕಟ್ಟಿಕೊಂಡು ಕಣ್ಣಿನೊಳಗಿನ ಒತ್ತಡ ಒಮ್ಮೆಲೇ ಏರಬಹುದು. ಅಪರೂಪ, ಆದರೆ ಹಾಗಾದಲ್ಲಿ ಅದು ತುರ್ತು. ಮನೆಗೆ ಬಂದ ಮೇಲೆ ಕಣ್ಣು ಸಿಡಿಯುವಂಥ ನೋವು, ಕೆಂಪು, ದೀಪದ ಸುತ್ತ ಬಣ್ಣದ ಬಳೆ, ತಲೆನೋವು, ವಾಂತಿ ಬಂದರೆ ನಮ್ಮ ಕಡೆ ಪಿತ್ತ ಏರಿದೆ ಎಂದು ಲಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುತ್ತಾರೆ. ಮಲಗಿಸಬಾರದು. ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಒಯ್ಯಬೇಕು. ಬೆಳಗಾಗುವುದರೊಳಗೆ ದೃಷ್ಟಿ ಹೋದೀತು.

ಹನಿ ಬಿದ್ದಾಗ ಅವ್ವ ‘ಉರಿ’ ಎಂದು ತುಟಿ ಕಚ್ಚಿದಳು. ಸ್ವಲ್ಪ ಹೊತ್ತಿಗೆ ‘ಗಂಟಲು ಕಹಿಯಾಯಿತು’ ಎಂದಳು. ಕಣ್ಣಿನ ಮೂಲೆಯಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ದಾರಿ ಇದೆ. ಹನಿ ಹಾಕಿದೊಡನೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಆ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದರೆ ಕಹಿ ಇಳಿಯುವುದಿಲ್ಲ, ಔಷಧ ಮೈಗೆ ಏರುವುದೂ ಕಡಿಮೆ. ಎರಡನೆಯ ಸಲ ಹಾಗೆ ಮಾಡಿಸಿದೆ.

ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದವಳು ಬ್ಯಾಡಗಿಯಿಂದ ಬಂದಿದ್ದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ನಲವತ್ತೈದು ಇರಬಹುದು. ಬೆರಳ ತುದಿಗಳಲ್ಲಿ ಕೆಂಪು ಇಳಿದು ನಿಂತಿತ್ತು. ಒಬ್ಬಳೇ ಬಂದಿದ್ದಳು. ಜೊತೆಗೆ ಯಾರನ್ನಾದರೂ ಕರೆತರಬೇಕಿತ್ತು ಎಂದು ನಾನು ಅಂದೆ. ‘ಅಕ್ಕಾ, ನಾನು ಬಂದರೆ ಒಂದು ಪಗಾರ ಹೋಯಿತು. ಮಗನನ್ನೂ ಕರೆತಂದರೆ ಎರಡು ಹೋಗುತ್ತದೆ’ ಎಂದಳು. ನನಗೆ ಮರುಮಾತು ಹೊಳೆಯಲಿಲ್ಲ. ಜೊತೆಗೆ ಒಬ್ಬರಿರಲಿ ಎಂಬುದು ಒಳ್ಳೆಯ ಸಲಹೆಯೇ, ಆದರೆ ಅದಕ್ಕೂ ಒಂದು ಬೆಲೆ ಇದೆ ಎಂಬುದು ತಿಂಗಳ ಸಂಬಳದ ನನಗೆ ಹೊಳೆದಿರಲಿಲ್ಲ. ನಾಳೆ ಕೆಲಸಕ್ಕೆ ಹೋಗಬಹುದೇ ಎಂದು ಅವಳು ಸಿಸ್ಟರನ್ನು ಕೇಳಿದಳು. ಹೋಗಬಹುದು, ಆದರೆ ಖಾರದ ಕೈ ಕಣ್ಣಿಗೆ ತಾಗದಿರಲಿ, ಇವತ್ತು ಮಾತ್ರ ಸಂಜೆಯವರೆಗೆ ಬಿಸಿಲಿಗೆ ಇಳಿಯಬೇಡಿ, ಇಲ್ಲೇ ಕುಳಿತಿದ್ದು ನಾಲ್ಕು ಗಂಟೆಯ ಮೇಲೆ ಹೊರಡಿ ಎಂದು ಆ ಸಿಸ್ಟರ್ ಹೇಳಿದ ರೀತಿ ನನಗೆ ಹಿಡಿಸಿತು. ಪ್ರತಿ ಆಸ್ಪತ್ರೆಯಲ್ಲೂ ಹಳ್ಳಿಯಿಂದ ಒಬ್ಬರೇ ಬಂದವರಿಗೆ ಬಿಸಿಲು ಇಳಿಯುವವರೆಗೆ ಕುಳಿತಿರಲು ಒಂದು ನೆರಳಿನ ಮೂಲೆ, ಕುಡಿಯಲು ನೀರು, ಮರೆತು ಬಂದವರಿಗೆ ಒಂದು ಕಪ್ಪು ಹಾಳೆಯ ಕನ್ನಡಕ ಕೊಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬೇಸಿಗೆಯಲ್ಲಿ ದೂರದವರಿಗೆ ಬೆಳಗಿನ ಮೊದಲ ಸರದಿ ಕೊಟ್ಟರೆ ಕೊನೆಯ ಬಸ್ಸಿಗೆ ಮುಂಚೆ ಕಣ್ಣೂ ತಿಳಿಯಾಗಿರುತ್ತದೆ.

ಒಳಗೆ ಕತ್ತಲ ಕೋಣೆ. ವೈದ್ಯರ ಹಣೆಯ ಮೇಲೆ ದೀಪ, ಕೈಯಲ್ಲಿ ದಪ್ಪ ಮಸೂರ. ‘ಅಜ್ಜೀ, ಮೇಲೆ ನೋಡಿ. ಬಲಕ್ಕೆ. ನಿಮ್ಮ ಪಾದ ನೋಡಿ.’ ಅವ್ವ ಶಾಲೆಯ ಹುಡುಗಿಯಂತೆ ಹೇಳಿದ ಕಡೆಗೆಲ್ಲ ನೋಡಿದಳು. ಹೊರಗೆ ಬಂದ ಮೇಲೆ, ‘ಒಂದು ಮರ ಕಂಡಿತು’ ಎಂದಳು. ಎಲೆಯುದುರಿದ ಮರ, ಕೊಂಬೆ ಕೊಂಬೆ ಎಲ್ಲ ಕಪ್ಪು, ಹಿಂದೆ ಕೆಂಪು ಆಕಾಶ. ನನಗೂ ಪ್ರತಿ ವರ್ಷ ಕಾಣುತ್ತದೆ ಅದು. ಓರೆಯಾಗಿ ಬಿದ್ದ ಪ್ರಖರ ಬೆಳಕಿನಲ್ಲಿ ನಮ್ಮದೇ ರೆಟಿನಾದ ರಕ್ತನಾಳಗಳ ನೆರಳು ನಮಗೆ ಕಾಣುವ ಪರಿ. ಎಪ್ಪತ್ನಾಲ್ಕು ವರ್ಷ ಹೊಲ ನೋಡಿದ ಕಣ್ಣು ಅಂದು ಮೊದಲ ಬಾರಿಗೆ ತನ್ನನ್ನೇ ನೋಡಿಕೊಂಡಿತ್ತು.

ಬಲಗಣ್ಣಿನ ರೆಟಿನಾದಲ್ಲಿ ಎರಡು ಮೂರು ಕಡೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳಿವೆ ಎಂದರು. ಆರಂಭದ ಹಂತ. ಈಗ ಏನೂ ಚುಚ್ಚಬೇಕಿಲ್ಲ, ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಯಲ್ಲಿರಲಿ, ಆರು ತಿಂಗಳಿಗೆ ಬನ್ನಿ ಎಂದರು. ಹೊರಗಿನಿಂದ ‘ಚೆನ್ನಾಗಿ ಕಾಣುವ’ ಕಣ್ಣು ಅದು.

ಹೊರಡುವಾಗ ಮೂರೂವರೆ. ಅವ್ವನಿಗೆಂದು ಪಕ್ಕದಿಂದಲೂ ಬೆಳಕು ನುಗ್ಗದ ಅಗಲ ಕಡ್ಡಿಯ ಕಪ್ಪು ಚಾಳೀಸು ತಂದಿದ್ದೆ. ಬರೀ ಕಪ್ಪಗಿದ್ದರೆ ಸಾಲದು, ನೇರಳಾತೀತ ಕಿರಣ ತಡೆಯುವ 400ರ ಗುರುತು ಇರಬೇಕು ಎಂದು ಕೇಳಿ ಕೊಂಡದ್ದು. ಅದರ ಮೇಲೆ ಅವಳು ಸೆರಗನ್ನು ಹಣೆಯ ಮುಂದಕ್ಕೆ ಎಳೆದು, ಕಳೆ ತೆಗೆಯುವಾಗ ಹೊಲದಲ್ಲಿ ಮಾಡಿಕೊಳ್ಳುವಂತೆ ಚಪ್ಪರ ಮಾಡಿಕೊಂಡಳು. ಟೋಪಿಯ ಅಂಚು ಮಾಡುವ ಕೆಲಸವನ್ನು ಅದು ಚೆನ್ನಾಗಿ ಮಾಡಿತು. ಕೆಲವು ಗಂಟೆಗಳ ಬಿಸಿಲಿನಿಂದ ಕಣ್ಣು ಕುರುಡಾಗುವುದಿಲ್ಲ, ಸೂರ್ಯನನ್ನು ನೆಟ್ಟ ನೋಟದಿಂದ ನೋಡಬಾರದು, ವೆಲ್ಡಿಂಗ್ ಕಿಡಿಯ ಕಡೆಗೆ ತಿರುಗಬಾರದು ಅಷ್ಟೇ. ನಿಜವಾದ ಅಪಾಯ ಇರುವುದು ಕಾಲಿನ ಕೆಳಗೆ. ಆಸ್ಪತ್ರೆಯ ಮೆಟ್ಟಿಲುಗಳ ಅಂಚು ಅವಳಿಗೆ ಕಾಣುತ್ತಿರಲಿಲ್ಲ. ಐದು ಮೆಟ್ಟಿಲೂ ಒಂದೇ ಇಳಿಜಾರಿನಂತೆ ಕಂಡವು. ನಾನು ಒಂದೊಂದನ್ನೂ ಎಣಿಸಿ ಹೇಳಿದೆ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣ ರಸ್ತೆಯ ನಡುವೆ ಇರುತ್ತದೆ, ಅರ್ಧ ರಸ್ತೆ ದಾಟದೆ ಅದು ಸಿಗುವುದಿಲ್ಲ. ಸಿಗ್ನಲ್ ಕೆಂಪಾಗುವವರೆಗೆ ಕಾದು ಕೈ ಹಿಡಿದು ದಾಟಿದೆವು. ಹತ್ತುವುದು ಸುಲಭ, ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಎತ್ತರ. ಕಾಂಕ್ರೀಟಿನ ಹಾದಿ ಬೆಳ್ಳಗೆ ಉರಿಯುತ್ತಿತ್ತು. ಅದಕ್ಕೂ ಮುನ್ನ ಆಸ್ಪತ್ರೆಯ ಎದುರೇ ಒಬ್ಬ ಯುವಕ, ಹನಿ ಹಾಕಿಸಿಕೊಂಡ ಕಣ್ಣನ್ನು ಅಂಗೈಯಿಂದ ಒರೆಸಿಕೊಳ್ಳುತ್ತ ಬೈಕಿನ ಕೀಲಿಕೈ ತಿರುಗಿಸುತ್ತಿದ್ದ. ‘ತಮ್ಮಾ, ಇವತ್ತು ಅದನ್ನು ಇಲ್ಲೇ ಬಿಟ್ಟು ಹೋಗು’ ಎಂದೆ. ಅವನು ನಕ್ಕು, ಹತ್ತಿರವೇ ಮನೆ ಎಂದ. ಎರಡು ಕಿಲೋಮೀಟರೇ ಎಂದು ಕೇಳಿದೆ. ನಾನು ಏಕೆ ಹಾಗೆ ಕೇಳಿದೆನೆಂದು ಅವನಿಗೆ ಹೇಗೆ ತಿಳಿಯಬೇಕು. ಆದರೂ ನನ್ನ ಮುಖದಲ್ಲಿ ಏನನ್ನು ಕಂಡನೋ, ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡು ಅಣ್ಣನಿಗೆ ಫೋನು ಮಾಡಲು ನಿಂತ.

ಉಣಕಲ್ ಕೆರೆ ಬಂದಾಗ ನೀರಿನ ಮೇಲಿನ ಹೊಳಪು ಕಿಟಕಿಯ ತುಂಬ ಬಂತು. ಅವ್ವ ನನ್ನ ಭುಜದಲ್ಲಿ ಮುಖ ಹುದುಗಿಸಿ, ‘ದಾಟಿತೇ?’ ಎಂದು ಕೇಳುತ್ತಲೇ ಇದ್ದಳು. ನವನಗರ, ರಾಯಾಪುರ, ಸತ್ತೂರು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ.

ಮನೆಯಲ್ಲಿ ಪರದೆ ಎಳೆದು ಕೂರಿಸಿದೆ. ಒಲೆಯ ಹತ್ತಿರ, ಈಳಿಗೆಯ ಹತ್ತಿರ ಹೋಗಬೇಡ ಎಂದರೆ ಸುಮ್ಮನಿರುವವಳಲ್ಲ. ಅವರೆಕಾಯಿ ಸುಲಿಯಲು ಕೊಟ್ಟೆ, ಅದಕ್ಕೆ ಬೆರಳು ಸಾಕು. ಏಳು ಗಂಟೆಗೆ ದೀಪ ಹಚ್ಚಿದಾಗ ನನ್ನನ್ನು ಹತ್ತಿರ ಕರೆದು, ‘ಎಷ್ಟು ಬಂತು ನೋಡು’ ಎಂದಳು. ಕಂದು ಬಳೆ ಅರ್ಧ ಕಾಳಿನಷ್ಟು ಅಗಲವಾಗಿತ್ತು. ‘ಇನ್ನಷ್ಟು ಬರಬೇಕು’ ಎಂದೆ.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳು ಪಡಸಾಲೆಯಲ್ಲಿ ಕುಳಿತು ಫೋನಿನಲ್ಲಿ ಜೋರಾಗಿ ಮಾತನಾಡುತ್ತಿದ್ದಳು. ಆ ಕಡೆ ಹಿಂದಿನ ಓಣಿಯ ಕಾಕು ಎಂದು ಗೊತ್ತಾಯಿತು. ಉರಿಯುತ್ತದೆ, ಆಮೇಲೆ ಬೆಳ್ಳಗೆ ಕಾಣುತ್ತದೆ, ಹೆದರಬೇಡ, ಸಂಜೆಗೆ ಇಳಿಯುತ್ತದೆ. ಬುತ್ತಿ ಕಟ್ಟಿಕೊಂಡು ಹೋಗಬೇಕು, ಬಿಸಿಲು ಇಳಿಯುವವರೆಗೆ ಅಲ್ಲೇ ಕುಳಿತುಕೊಳ್ಳಬೇಕು. ಮೆಟ್ಟಿಲು ಎಣಿಸಿ ಇಳಿಯಬೇಕು. ನಿನಗೆ ಒಂದು ಮರ ಕಾಣುತ್ತದೆ ನೋಡು, ಅದು ನಿನ್ನ ಕಣ್ಣೇ. ಹೀಗೆ ಒಂದೊಂದನ್ನೂ ಎರಡೆರಡು ಸಲ ಹೇಳಿದಳು. ಆಮೇಲೆ ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿ, ಅಂಥ ಕಪ್ಪು ಚಾಳೀಸು ಇನ್ನೊಂದು ತರಲು ಎಷ್ಟಾಗುತ್ತದೆ ಎಂದು ಕೇಳಿದಳು.